ಹೆರಿಗೆಯ ನಂತರ ಬಿಚ್ಚುವ ಸಂಚಿ

(ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮತ್ತು ನರ್ಸಿಂಗ್ ವಿದ್ಯಾರ್ಥಿನಿಯರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ, ಅವತ್ತು ಬಾಯಿಗೆ ಬಾರದೆ ಹೋದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಗರ್ಭಿಣಿಯರು ಮತ್ತು ಧೂಮಪಾನ’ ಎಂದು ಅಚ್ಚಾಗಿದೆ. ಬರುವಾಗ ಬಸ್ಸಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಓದಿ ನಕ್ಕುಬಿಟ್ಟರು. ‘ನಮ್ ಕಡೆ ಯಾವ ಬಸುರಿ ಬೀಡಿ ಸೇದ್ತಾಳೆ ಮೇಡಂ?’ ಅಂದರು. ಅವರ ಬಾಯಲ್ಲಿ ಎಲೆ ಅಡಿಕೆ ಇತ್ತು. ಜೊತೆಗೆ ತಂಬಾಕಿನ ಕಡ್ಡಿಪುಡಿಯೂ ಇತ್ತು. ಆ ವಾಸನೆಯನ್ನು ನಾನು ಬೇರೆ ಯಾರಿಂದಲೂ ಕೇಳಿ ತಿಳಿಯಬೇಕಿಲ್ಲ.

ಅವರ ಮಾತು ಸುಳ್ಳಲ್ಲ. 2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಸೇದುವ ಹೆಂಗಸರು ನೂರಕ್ಕೆ 2. ಆದರೆ ಅದೇ ಸಮೀಕ್ಷೆಯಲ್ಲಿ ಹೊಗೆಯಿಲ್ಲದ ತಂಬಾಕನ್ನು ಬಳಸುವ ಹೆಂಗಸರು ನೂರಕ್ಕೆ 12.8. ನಮ್ಮ ರಾಜ್ಯದಲ್ಲಿ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬೇಕು. ನಮ್ಮ ಭಾಷೆಯನ್ನೇ ನೋಡಿ. ನೀರನ್ನು ಬಾವಿಯಿಂದ ಸೇದುತ್ತೇವೆ, ಹೊಗೆಯನ್ನು ಬೀಡಿಯಿಂದ ಸೇದುತ್ತೇವೆ, ನಶ್ಯ ಏರಿಸುತ್ತೇವೆ, ಎಲೆ ‘ಹಾಕಿಕೊಳ್ಳುತ್ತೇವೆ’. ಹೂವು ಮುಡಿದುಕೊಂಡ ಹಾಗೆ, ಬಳೆ ಹಾಕಿಕೊಂಡ ಹಾಗೆ! ಅದರಲ್ಲಿ ಚಟದ ಸುಳಿವೇ ಇಲ್ಲ. ಹೊಗೆಸೊಪ್ಪು ಅನ್ನುವ ಹೆಸರಿನಲ್ಲಿ ಹೊಗೆ ಇದೆ, ಬಾಯಿಗಿಟ್ಟಾಗ ಇಲ್ಲ. ಅಷ್ಟಕ್ಕೇ ಅದು ನಮ್ಮ ಲೆಕ್ಕದಿಂದ ಜಾರಿಹೋಗಿದೆ.

ನಾನು ಹೊಸದಾಗಿ ಡಾಕ್ಟರಾಗಿ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ ಬಸುರಿಯರ ಕೇಸ್ ಶೀಟಿನಲ್ಲಿ ‘ದುಶ್ಚಟಗಳು’ ಅಂತ ಒಂದು ಸಾಲು ಇರುತ್ತಿತ್ತು. ನಾನು ಶ್ರದ್ಧೆಯಿಂದ ಕೇಳುತ್ತಿದ್ದೆ, ‘ಏನಾದ್ರೂ ದುಶ್ಚಟ ಇದೆಯೇನಮ್ಮ?’ ಎಲ್ಲರೂ ‘ಇಲ್ಲ ಡಾಕ್ಟ್ರಮ್ಮ’ ಅನ್ನುತ್ತಿದ್ದರು. ನಾನು ಶ್ರದ್ಧೆಯಿಂದಲೇ ಸೊನ್ನೆ ಸುತ್ತುತ್ತಿದ್ದೆ. ಒಂದು ದಿನ ನಮ್ಮ ಆಯಾ, ನೆಲ ಒರೆಸುತ್ತಿದ್ದವಳು, ತಲೆ ಎತ್ತಿ ನನ್ನ ಎದುರಿದ್ದ ಬಸುರಿಯನ್ನು ಕೇಳಿದಳು:

‘ದಿನಕ್ಕೆ ಎಷ್ಟು ಸಲ ಎಲೆ ಹಾಕ್ಕೋತೀಯವ್ವಾ?’

‘ನಾಕೈದ್ ಸಲ ಕನಕ್ಕ.’

‘ಕಡ್ಡಿಪುಡಿ?’

‘ಅದಿಲ್ದೆ ಎಂಗಕ್ಕ?’

ಕೇಸ್ ಶೀಟಿನಲ್ಲಿ ನನ್ನ ಸೊನ್ನೆಯ ಶಾಯಿ ಇನ್ನೂ ಒಣಗಿರಲಿಲ್ಲ. ಅವತ್ತಿನಿಂದ ‘ದುಶ್ಚಟ’ ಅನ್ನುವ ಮಾತನ್ನು ಬಿಟ್ಟೆ. ತನ್ನ ತಾಯಿ, ಅಜ್ಜಿ, ಅತ್ತೆ ಎಲ್ಲರೂ ದಿನಾ ಮಾಡುವುದನ್ನು ಯಾವಳು ತಾನೇ ದುಶ್ಚಟ ಅಂದುಕೊಳ್ಳುತ್ತಾಳೆ?

ಇವತ್ತು ಮಾತಿನ ಬಹುಪಾಲು ಸಿಗರೇಟಿನ ದೇಶಗಳ ಬಗ್ಗೆಯೇ ಇರುತ್ತದೆ. ಅಲ್ಲಿ ಎಪ್ಪತ್ತು ವರ್ಷದಿಂದ ಎಣಿಸುತ್ತಾ ಬಂದಿದ್ದಾರೆ, ನಮ್ಮಲ್ಲಿ ಎಣಿಸಿದ್ದು ಕಡಿಮೆ. ನಿಕೋಟಿನ್ ಸಿಗರೇಟಿನಿಂದ ಬಂದರೂ ಒಂದೇ, ಕಡ್ಡಿಪುಡಿಯಿಂದ ಬಂದರೂ ಒಂದೇ.

ಬಸುರಿ ಸಿಗರೇಟು ಸೇದಿದರೆ ಮಗುವಿಗೆ ಏನಾಗುತ್ತದೆ ಎಂದು ಅಂಕಿ ಅಂಶ ಇಟ್ಟು ಮೊದಲು ತೋರಿಸಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ವಿನಿಯಾ ಸಿಂಪ್ಸನ್. ಅವರ ಲೇಖನ ಪ್ರಕಟವಾದದ್ದು 1957ರಲ್ಲಿ. ಸೇದುವ ತಾಯಂದಿರ ಕೂಸುಗಳು ಹಗುರವಾಗಿ ಹುಟ್ಟುವುದು ಹೆಚ್ಚು ಅಂತ ಅವರು ತೋರಿಸಿದರು. ಮರುವರ್ಷ, 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳ ವಿವರವನ್ನು ಬರೆದಿಟ್ಟುಕೊಂಡರು. ನೆವಿಲ್ ಬಟ್ಲರ್ ಮತ್ತು ಸಂಗಡಿಗರು ಆ ರಾಶಿಯನ್ನು ಜರಡಿ ಹಿಡಿದು 1972ರಲ್ಲಿ ಹೇಳಿದ್ದು ಹೀಗೆ: ನಾಲ್ಕು ತಿಂಗಳು ಕಳೆದ ಮೇಲೂ ಸೇದುತ್ತಿದ್ದವರ ಕೂಸುಗಳ ತೂಕ ಸರಾಸರಿ 170 ಗ್ರಾಂ ಕಡಿಮೆ, ಹುಟ್ಟುವ ಮುಂಚೆ ಅಥವಾ ಹುಟ್ಟಿದ ಕೂಡಲೇ ಸಾಯುವ ಸಂಭವ ನೂರಕ್ಕೆ 28ರಷ್ಟು ಹೆಚ್ಚು. ಅದರ ಜೊತೆಗೆ ಇನ್ನೊಂದು ಮಾತೂ ಇತ್ತು, ನನ್ನ ಮಟ್ಟಿಗೆ ಅದೇ ದೊಡ್ಡದು. ನಾಲ್ಕನೇ ತಿಂಗಳು ಮುಗಿಯುವುದರೊಳಗೆ ಬಿಟ್ಟವಳು ಎಂದೂ ಸೇದದವಳ ಸಾಲಿಗೆ ಬಂದು ನಿಲ್ಲುತ್ತಾಳೆ. 2009ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸುಮಾರು 2,500 ಬಸುರಿಯರನ್ನು ನೋಡಿದವರು ಹೆಚ್ಚುಕಡಿಮೆ ಇದನ್ನೇ ಕಂಡರು. ಅವರ ಗಡುವು 15 ವಾರ. ‘ಆಗಲೇ ಮೂರು ತಿಂಗಳಾಯ್ತು, ಇನ್ನು ಬಿಟ್ಟು ಏನು ಪ್ರಯೋಜನ’ ಅನ್ನುವವಳಿಗೆ ಇದನ್ನು ಹೇಳಿ. ನಾಲ್ಕು ದಾಟಿದ್ದರೂ ಬಿಟ್ಟಷ್ಟು ಲಾಭವೇ.

ಒಳಗೆ ಏನಾಗುತ್ತದೆ ಅಂತ ವಿದ್ಯಾರ್ಥಿನಿಯರಿಗೆ ಎರಡು ಮಾತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ? ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅದೇ ಜಾತಿಯದು. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಹತ್ತಿ ನೋಡಿದರೆ ಸೀಟಿಲ್ಲ. ತಾಯಿಯ ರಕ್ತಕ್ಕಿಂತ ಕೂಸಿನ ರಕ್ತದಲ್ಲಿ ಈ ಟವೆಲ್‌ಗಳು ಇನ್ನೂ ಜಾಸ್ತಿ. ನಿಕೋಟಿನ್‌ದು ಬೇರೆ ಕೆಲಸ. ಅದು ರಕ್ತನಾಳಗಳನ್ನು ಬಿಗಿಯುತ್ತದೆ, ಮಾಸನ್ನು ದಾಟಿ ಕೂಸಿಗೂ ಹೋಗುತ್ತದೆ. ಹೊಗೆಸೊಪ್ಪು ಅಗಿಯುವವಳಿಗೆ ಟವೆಲ್ ಕಾಟ ಇಲ್ಲ. ಉಳಿದದ್ದು ಇದೆ.

ಇಷ್ಟೆಲ್ಲ ಗೊತ್ತಾದ ಮೇಲೂ ಒಂದು ತಕರಾರು ಎದ್ದಿತು. ಅದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ಬರ್ಕ್ಲಿಯ ಜೇಕಬ್ ಯೆರುಶಲ್ಮಿ ಎಂಬ ದೊಡ್ಡ ಸಂಖ್ಯಾಶಾಸ್ತ್ರಜ್ಞ 1971ರಲ್ಲಿ ವಿಚಿತ್ರವಾದ ಒಂದು ಲೆಕ್ಕ ಮುಂದಿಟ್ಟರು. ಎರಡೂವರೆ ಕಿಲೋಗಿಂತ ಹಗುರವಾದ ಕೂಸುಗಳನ್ನು ಮಾತ್ರ ತೆಗೆದುಕೊಂಡರೆ, ಸೇದುವ ತಾಯಂದಿರ ಕೂಸುಗಳೇ ಹೆಚ್ಚು ಬದುಕುತ್ತವೆ! ಸಿಗರೇಟು ಕೂಸನ್ನು ಕಾಪಾಡುತ್ತದೆಯೇ? ಆ ಲೆಕ್ಕವನ್ನು ಬಿಡಿಸಲು ವಿದ್ವಾಂಸರು ದಶಕಗಟ್ಟಲೆ ತಲೆ ಕೆಡಿಸಿಕೊಂಡರು. ನನಗೆ ಅದು ಅರ್ಥವಾದದ್ದು ಶಾಲೆಯ ಉದಾಹರಣೆಯಿಂದ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹತ್ತು ಹುಡುಗರನ್ನು ಸಾಲಾಗಿ ನಿಲ್ಲಿಸಿ. ಕೆಲವರು ಪರೀಕ್ಷೆಯ ದಿನ ಜ್ವರ ಬಂದು ಫೇಲಾದವರು, ಉಳಿದವರು ವರ್ಷವಿಡೀ ಪುಸ್ತಕ ಮುಟ್ಟದೆ ಫೇಲಾದವರು. ಮುಂದಿನ ಪರೀಕ್ಷೆಯಲ್ಲಿ ಜ್ವರದ ಹುಡುಗರು ಪಾಸಾಗುತ್ತಾರೆ. ಹಾಗಂತ ಓದಿಗೆ ಜ್ವರ ಒಳ್ಳೆಯದು ಅನ್ನುತ್ತೀರಾ? ಜ್ವರ ಬರದಿದ್ದರೆ ಆ ಹುಡುಗರು ಫೇಲಾದವರ ಸಾಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹಗುರವಾದ ಕೂಸುಗಳದ್ದೂ ಹೀಗೆಯೇ. ಸೇದದ ತಾಯಿಯ ಕೂಸು ಹಗುರವಾಗಿದ್ದರೆ ಅದಕ್ಕೆ ಅಂಗದೋಷದಂಥ ಭಾರಿ ಕಾರಣ ಇರುವ ಸಂಭವ ಹೆಚ್ಚು. ಸೇದುವ ತಾಯಿಯ ಕೂಸನ್ನು ಆ ಸಾಲಿಗೆ ತಳ್ಳಿದ್ದು ಸಿಗರೇಟು.

ಕಂಪನಿಯವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅದೇ 1971ರ ಜನವರಿಯಲ್ಲಿ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥ ಜೋಸೆಫ್ ಕಲ್ಮನ್ ಟೀವಿಯಲ್ಲಿ ಕೂತು, ಸೇದುವವರ ಕೂಸುಗಳು ಚಿಕ್ಕವಿದ್ದರೂ ಅಷ್ಟೇ ಆರೋಗ್ಯವಾಗಿರುತ್ತವೆ, ಕೆಲವು ಹೆಂಗಸರಿಗೆ ಚಿಕ್ಕ ಕೂಸೇ ಇಷ್ಟವಾಗಬಹುದು ಅಂದುಬಿಟ್ಟ. ನೀವು ನಗುತ್ತಿದ್ದೀರಿ. ಕೂಸು ಸಣ್ಣದಿದ್ದರೆ ಹೆರಿಗೆ ಸಲೀಸು ಅಂತ ಬಸುರಿಗೆ ಊಟ ಕಡಿಮೆ ಬಡಿಸುವ ಮನೆಗಳು ನಮ್ಮಲ್ಲಿ ಇಲ್ಲವೇ?

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಈ ಸಂಶೋಧನೆಗಳೆಲ್ಲ ಒಂಬತ್ತು ತಿಂಗಳ ಮೇಲೆ ಕಣ್ಣಿಟ್ಟವು. ಹತ್ತನೇ ತಿಂಗಳನ್ನು ಕೇಳಿದವರು ಕಡಿಮೆ.

ಅಮೆರಿಕದಲ್ಲಿ ಬಾಣಂತಿಯರನ್ನು ಕೇಳಿ ಲೆಕ್ಕ ಇಡುವ ಒಂದು ಸರ್ಕಾರಿ ವ್ಯವಸ್ಥೆ ಇದೆ. 2010ರಲ್ಲಿ 27 ಕಡೆಯಿಂದ ಬಂದ ಅದರ ಲೆಕ್ಕ ಹೀಗಿದೆ. ಬಸುರಾಗುವ ಮುಂಚಿನ ಮೂರು ತಿಂಗಳಲ್ಲಿ ಸೇದುತ್ತಿದ್ದವರು ನೂರಕ್ಕೆ 23.2. ಬಸಿರಿನ ಕೊನೆಯ ಮೂರು ತಿಂಗಳಲ್ಲಿ 10.7. ಹೆರಿಗೆಯ ನಂತರ 15.9. ಮೊದಲ ಇಳಿತ ನೋಡಿ. ಯಾವ ಶಿಬಿರ, ಯಾವ ಮಾತ್ರೆಯೂ ಮಾಡದ ಕೆಲಸವನ್ನು ಬಸಿರು ಮಾಡಿದೆ, ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟಿದ್ದಾರೆ. ಆಮೇಲೆ ಅದು ಮತ್ತೆ ಹತ್ತಿದೆ. ಬಿಡಿಸುವ ಪ್ರಯೋಗಗಳಲ್ಲಿ ಭಾಗವಹಿಸಿ ಹೆರಿಗೆಯವರೆಗೂ ಬಿಟ್ಟಿದ್ದ ಹೆಂಗಸರಲ್ಲೂ ಆರು ತಿಂಗಳೊಳಗೆ ನೂರಕ್ಕೆ 43 ಜನ ಮತ್ತೆ ಹಿಡಿದಿದ್ದರು ಎಂದು 2016ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದವರು ಬರೆದಿದ್ದಾರೆ.

ಬಸುರಿ ಸುಲಭವಾಗಿ ಬಿಟ್ಟಳು ಅಂದುಕೊಳ್ಳಬೇಡಿ. ಬಸಿರಿನಲ್ಲಿ ಮೈ ನಿಕೋಟಿನ್ನನ್ನು ಬೇಗ ಕರಗಿಸಿ ಹೊರಹಾಕುತ್ತದೆ, ಮಾಮೂಲಿಗಿಂತ ಸುಮಾರು ನೂರಕ್ಕೆ 60ರಷ್ಟು ಹೆಚ್ಚು ವೇಗದಲ್ಲಿ. ಅಂದರೆ ಒಂದು ಸಿಗರೇಟು ಮುಗಿದು ಇನ್ನೊಂದು ಬೇಕು ಅನ್ನಿಸುವುದು ಬೇಗ. ಅಷ್ಟಾದರೂ ಬಿಡುತ್ತಾಳೆ. ವಾಸನೆಗೆ ವಾಕರಿಕೆ ಬರುತ್ತದೆ, ಅದೊಂದು ಸಹಾಯ. ಉಳಿದದ್ದು ಸುತ್ತಲಿನವರ ಕಣ್ಣು. ಎಲ್ಲರೂ ಕೇಳುತ್ತಾರೆ. ಡಾಕ್ಟರು, ನರ್ಸು, ತಾಯಿ, ಗಂಡ, ಬೀದಿಯಲ್ಲಿ ಹೋಗುವ ಅಪರಿಚಿತ ಕೂಡ ಆ ಹೊಟ್ಟೆ ನೋಡಿ ಮುಖ ಸಿಂಡರಿಸುತ್ತಾನೆ.

ಹೆರಿಗೆಯಾದ ಮರುದಿನ ಕೇಳುವವರೆಲ್ಲ ತೊಟ್ಟಿಲ ಕಡೆ ತಿರುಗುತ್ತಾರೆ. ಮಗು ಹಾಲು ಕುಡಿಯಿತೇ, ತೂಕ ಏರಿತೇ, ಯಾರ ಹಾಗಿದೆ? ರಾತ್ರಿ ಮೂರು ಗಂಟೆಗೆ ಎದ್ದು ಕೂತವಳಿಗೆ ಜೊತೆ ಯಾರು? ಗಂಡ ಸೇದುವವನಾದರೆ ಪ್ಯಾಕೆಟ್ಟು ಮನೆಯಲ್ಲೇ ಇದೆ. ‘ಮಗುವಿಗೋಸ್ಕರ ಬಿಟ್ಟೆ’ ಅಂದಿದ್ದಳು, ಮಗು ಹೊರಗೆ ಬಂತು, ಕಾರಣವೂ ಅದರ ಜೊತೆಗೇ ಹೊರಗೆ ಬಂತು. ಅವಳಿಗೋಸ್ಕರ ಬಿಡು ಅಂತ ಯಾರೂ ಹೇಳಿರಲೇ ಇಲ್ಲವಲ್ಲ. ಅವಳು ಪಾತ್ರೆ, ಒಳಗಿದ್ದದ್ದು ಪಾಯಸ. ಪಾಯಸ ಬಡಿಸಿದ ಮೇಲೆ ಪಾತ್ರೆಯನ್ನು ಯಾರು ನೋಡುತ್ತಾರೆ?

ಸ್ಕಾಟ್ಲೆಂಡಿನವರು ಇದಕ್ಕೆ ಒಂದು ವ್ಯಾಪಾರಿ ಉಪಾಯ ಮಾಡಿ ನೋಡಿದರು. ಗ್ಲಾಸ್ಗೋದಲ್ಲಿ 612 ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಸಲಹೆಯ ಜೊತೆಗೆ, ಬಿಟ್ಟರೆ ಒಟ್ಟು 400 ಪೌಂಡಿನವರೆಗೆ ಅಂಗಡಿಯಲ್ಲಿ ಖರ್ಚು ಮಾಡುವ ಕೂಪನ್ ಕೊಡುತ್ತೇವೆ ಅಂದರು. 2015ರಲ್ಲಿ ಫಲಿತಾಂಶ ಬಂತು. ಬಸಿರಿನ ಕೊನೆಗೆ ಕೂಪನ್ ಗುಂಪಿನಲ್ಲಿ ಬಿಟ್ಟವರು ನೂರಕ್ಕೆ 22.5, ಬರೀ ಸಲಹೆಯ ಗುಂಪಿನಲ್ಲಿ 8.6. ಬಾಯಿಮಾತಿಗೆ ನಂಬಲಿಲ್ಲ, ಎಂಜಲು, ಮೂತ್ರ ಪರೀಕ್ಷೆ ಮಾಡಿಯೇ ಎಣಿಸಿದರು. ದುಡ್ಡು ಕೊಟ್ಟು ಬಿಡಿಸುವುದೇ ಅಂತ ಅಲ್ಲಿಯೂ ಮೂಗು ಮುರಿದವರಿದ್ದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಕೂಪನ್ನಿನ ಬೆಲೆಗಿಂತ, ಪ್ರತಿ ಸಲ ಒಬ್ಬರು ಕರೆದು ಪರೀಕ್ಷೆ ಮಾಡಿ ‘ಭೇಷ್’ ಅನ್ನುತ್ತಿದ್ದರಲ್ಲ, ಅದು ಕೆಲಸ ಮಾಡಿರಬೇಕು ಅಂತ ನನ್ನ ಗುಮಾನಿ.

ಇನ್ನು ನಮ್ಮ ಕಡೆ. ಮುಂಬೈಯಲ್ಲಿ ಪ್ರಕಾಶ್ ಗುಪ್ತಾ ಮತ್ತು ಶ್ರೀವಿದ್ಯಾ ಸುಬ್ರಮಣಿ ಮನೆಮನೆಗೆ ಹೋಗಿ 1,217 ಬಸುರಿಯರನ್ನು ಹುಡುಕಿ, ಹೆರಿಗೆಯವರೆಗೂ ಹಿಂಬಾಲಿಸಿ 2004ರಲ್ಲಿ ಬರೆದರು. ನೂರಕ್ಕೆ 17 ಜನ ಹೊಗೆಯಿಲ್ಲದ ತಂಬಾಕಿನವರು, ಹೆಚ್ಚಾಗಿ ಮಿಶ್ರಿ. ಹುರಿದು ಕಪ್ಪಾದ ಆ ತಂಬಾಕಿನ ಪುಡಿಯನ್ನು ಹಲ್ಲಿಗೆ, ವಸಡಿಗೆ ತಿಕ್ಕುತ್ತಾರೆ. ಮಹಾರಾಷ್ಟ್ರದ ಗಡಿಗೆ ತಾಗಿದ ನಮ್ಮ ಊರುಗಳಿಗೂ ಅದು ಹೊಸದಲ್ಲ. ಅವರ ಕೂಸುಗಳು ಸರಾಸರಿ 105 ಗ್ರಾಂ ಹಗುರ, ಹೆರಿಗೆ ಸರಾಸರಿ 6 ದಿನ ಮುಂಚೆ. ಅದೇ ಹೆಂಗಸರಲ್ಲಿ ಸತ್ತು ಹುಟ್ಟಿದ ಕೂಸುಗಳು ನೂರಕ್ಕೆ 8.9, ತಂಬಾಕು ಮುಟ್ಟದವರಲ್ಲಿ 3.1. ಒಂದು ಎಳೆ ಹೊಗೆಯೂ ಇಲ್ಲದೆ ಇಷ್ಟು.

ನಮ್ಮಲ್ಲಿ ಬಸುರಿಯರು ಎಲೆ ಹಾಕಿಕೊಳ್ಳುವುದನ್ನು ಬಿಡುತ್ತಾರೆಯೇ? ಕೆಲವರು ಬಿಡುತ್ತಾರೆ, ವಾಕರಿಕೆಗೆ. ಕೆಲವರು ಅದೇ ವಾಕರಿಕೆಗೆ ಹಿಡಿಯುತ್ತಾರೆ, ಬಾಯಿ ಸಪ್ಪೆ ಅಂತ. ಹಲ್ಲುನೋವಿಗೆ ಒಂದು ಎಳೆ ಹೊಗೆಸೊಪ್ಪು ಒತ್ತಿಟ್ಟುಕೊಂಡು ಶುರು ಮಾಡಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಸಿಗರೇಟಿನ ದೇಶಕ್ಕೂ ನಮಗೂ ನಿಜವಾದ ವ್ಯತ್ಯಾಸ ಕಾಣುವುದು ಬಾಣಂತನದಲ್ಲಿ. ಅಲ್ಲಿ ಬಾಣಂತಿ ಕದ್ದು ಸೇದುತ್ತಾಳೆ. ಇಲ್ಲಿ ನಾವೇ ಮಡಿಸಿ ಕೊಡುತ್ತೇವೆ.

ಬಾಣಂತಿ ಕೋಣೆಯನ್ನು ನೆನಪಿಸಿಕೊಳ್ಳಿ. ನೀರು ಜಾಸ್ತಿ ಕುಡಿಯಬಾರದು, ತಣ್ಣಗಿನದು ಬೇಡ, ಹಣ್ಣು ಬೇಡ, ಹೊರಗೆ ಬರಬೇಡ, ಓದಬೇಡ. ಎಲ್ಲ ಬೇಡಗಳ ನಡುವೆ ಒಂದೇ ಒಂದು ‘ಬೇಕು’ ಇದೆ, ಊಟವಾದ ಮೇಲೆ ಎಲೆ ಅಡಿಕೆ. ಜೀರ್ಣವಾಗುತ್ತದೆ, ಸೊಂಟ ಗಟ್ಟಿಯಾಗುತ್ತದೆ, ಸುಣ್ಣ ಮೈಗೆ ಹತ್ತುತ್ತದೆ ಅನ್ನುತ್ತಾರೆ. ಅವ್ವ ಸಂಚಿ ಬಿಚ್ಚಿ ಪಕ್ಕದಲ್ಲಿ ಕೂರುತ್ತಾಳೆ. ಮೊದಲು ಬರೀ ಎಲೆ. ‘ಒಂಚೂರು ಹಾಕ್ಕೋ, ನಿದ್ದೆಗೆಟ್ಟಿದ್ದೀಯ’ ಅಂತ ಒಂದು ಚಿಟಿಕೆ ಕಡ್ಡಿಪುಡಿ. ತಲೆ ಗಿರ್ ಅನ್ನುತ್ತದೆ, ಎರಡು ದಿನದಲ್ಲಿ ಸರಿಹೋಗುತ್ತದೆ. ಮೂರು ತಿಂಗಳಿಗೆ ತೊಟ್ಟಿಲ ಜೊತೆ ಗಂಡನ ಮನೆಗೆ ಒಂದು ಪುಟ್ಟ ಸಂಚಿಯೂ ಹೊರಡುತ್ತದೆ. ಆ ಸಂಚಿಯಲ್ಲಿ ಪ್ರೀತಿ ಇಲ್ಲ ಅಂತ ನಾನು ಹೇಳಲಾರೆ. ನನ್ನ ಅಜ್ಜಿಯ ಸಂಚಿಯ ಅರೆಗಳೆಲ್ಲ ನನಗೆ ಬಾಯಿಪಾಠ, ಲವಂಗದ್ದು ಯಾವುದು, ಚಿಲ್ಲರೆ ಕಾಸಿನದು ಯಾವುದು ಎಂದು. ಅದಕ್ಕೇ ಅದನ್ನು ಬೈದು ಬಿಡಿಸಲು ಆಗುವುದಿಲ್ಲ.

ನಿಕೋಟಿನ್ ಎದೆಹಾಲಿಗೂ ಇಳಿಯುತ್ತದೆ, ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಗಟ್ಟಿಯಾಗಿ. ಇದನ್ನು ಹೇಳುವಾಗ ಎಚ್ಚರ ಇರಲಿ. ಕೇಳಿದ ಕೂಡಲೇ ಕೆಲವರು ಹಾಲನ್ನೇ ಬಿಡಿಸಿಬಿಡುತ್ತಾರೆ. ಬಿಡಿಸಬೇಕಾದದ್ದು ಕಡ್ಡಿಪುಡಿ, ಹಾಲಲ್ಲ. ಪೂರ್ತಿ ಬಿಡಲು ಆಗದವಳೂ ಎದೆಹಾಲು ಕೊಡುತ್ತಲೇ ಇರಬೇಕು.

ಒಂದು ಅಡ್ಡ ಮಾತು. ದಕ್ಷಿಣ ಕನ್ನಡದಲ್ಲಿ ಎಷ್ಟೋ ಹೆಂಗಸರು ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದದೆ, ಬಸಿರು ಬಾಣಂತನ ಎಲ್ಲದರಲ್ಲೂ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ತಂಬಾಕಿನ ಧೂಳು ಕೈಗೆ, ಮೂಗಿಗೆ, ಪಕ್ಕದ ತೊಟ್ಟಿಲಿಗೆ. ಅವರನ್ನು ‘ಬಿಡು’ ಅನ್ನುವ ಹಾಗೂ ಇಲ್ಲ, ಅದು ಅವರ ಅನ್ನ. ಅದು ಬೇರೆಯೇ ಒಂದು ಉಪನ್ಯಾಸ, ಇವತ್ತಿಗೆ ಇಷ್ಟಕ್ಕೇ ಬಿಡುತ್ತೇನೆ.

ನಿಮ್ಮ ಕೈಯಲ್ಲಿ ಏನಿದೆ ಅಂತ ನೋಡೋಣ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಮನೆಗೆ ಹೋಗಬೇಕಾದದ್ದು 3, 7, 14, 21, 28, 42ನೇ ದಿನಗಳಲ್ಲಿ, ಆರು ಸಲ. ಆಮೇಲೆ ಮಗು ಲಸಿಕೆಗೆ ಬರುವುದು ಆರು, ಹತ್ತು, ಹದಿನಾಲ್ಕು ವಾರಕ್ಕೆ, ಮತ್ತೆ ಒಂಬತ್ತು ತಿಂಗಳಿಗೆ. ಹತ್ತು ಸಲ ಆಯಿತು. ಹತ್ತು ಸಲವೂ ಆ ತಾಯಿ ನಿಮ್ಮ ಎದುರಿಗೇ ಇರುತ್ತಾಳೆ, ಮಗುವಿನ ತೊಡೆಯನ್ನು ನಿಮ್ಮ ಕಡೆ ಹಿಡಿದುಕೊಂಡು. ಸೂಜಿ ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತೀರಲ್ಲ, ಆಗ ಅವಳನ್ನು ಕೇಳಿ. ‘ಬಿಟ್ಟಿದ್ದೆಯಲ್ಲ, ಹೇಗಿದ್ದೀಯ? ಮತ್ತೆ ಬೇಕು ಅನ್ನಿಸುತ್ತಾ?’ ಅನ್ನಿ. ‘ಮತ್ತೆ ಶುರು ಮಾಡಿದ್ದೀಯಾ?’ ಅಂತ ಪೊಲೀಸರ ಹಾಗೆ ಬೇಡ. ಬಸುರಿಯಾಗಿದ್ದಾಗ ಬಿಟ್ಟವಳ ಹೆಸರನ್ನು ನಿಮ್ಮ ಡೈರಿಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಗಂಡನನ್ನೂ ಕೇಳಿ, ಅವನ ಬೀಡಿ ಅಂಗಳಕ್ಕಾದರೂ ಹೋಗಲಿ. ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಉಚಿತ ಫೋನ್ ಸಂಖ್ಯೆ 1800-11-2356. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ, ನೀವು ಕೇಳಿ.

ಮೊದಲ ಪ್ರಶ್ನೆ ನರ್ಸಿಂಗ್ ಹುಡುಗಿಯೊಬ್ಬಳದು. ಕಡ್ಡಿಪುಡಿ ಇಲ್ಲದೆ ಬರೀ ಎಲೆ ಅಡಿಕೆ ಆದರೆ ಪರವಾಗಿಲ್ಲವೇ? ಎಲೆಯ ಮೇಲೆ ನನಗೆ ಜಗಳ ಇಲ್ಲ ಅಂದೆ. ಅಡಿಕೆಯ ಬಗ್ಗೆ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ, ನನ್ನ ತವರಿನವರು ಬದುಕುವುದೇ ಅಡಿಕೆ ತೋಟದಿಂದ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ಸಂಪುಟದಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತಲೇ ಬರೆದಿದೆ. ತಾಂಬೂಲ ತಟ್ಟೆಯಲ್ಲಿರಲಿ, ಬಾಣಂತಿಯ ದವಡೆಯಲ್ಲಿ ದಿನಕ್ಕೆ ಐದು ಸಲ ಬೇಡ.

ಸುಣ್ಣದ ಕ್ಯಾಲ್ಸಿಯಂ? ಅದಕ್ಕೆ ಸರ್ಕಾರ ಮಾತ್ರೆ ಕೊಡುತ್ತದೆ, ಬಾಯಿ ಸುಡುವುದಿಲ್ಲ.

ಕೊನೆಯ ಪ್ರಶ್ನೆ ಅನುಭವಸ್ಥ ಅಂಗನವಾಡಿ ಶಿಕ್ಷಕಿಯೊಬ್ಬರದು. ‘ನೀವು ಹೇಳೋದೆಲ್ಲ ಸರಿ ಮೇಡಂ. ಅತ್ತೆ ಪಕ್ಕದಲ್ಲೇ ಕೂತಿರ್ತಾರೆ, ಸೊಸೆ ಬಾಯಿ ಬಿಡ್ತಾಳಾ?’ ಬಿಡುವುದಿಲ್ಲ ಅಂದೆ. ಅದಕ್ಕೇ ಸೊಸೆಯನ್ನು ಮೊದಲು ಕೇಳಬೇಡಿ. ಅತ್ತೆಯ ಪಕ್ಕದಲ್ಲಿ ಕೂತು, ‘ಅಜ್ಜಿ, ನಿಮ್ ಸಂಚಿ ತೋರ್ಸಿ ನೋಡೋಣ, ಎಷ್ಟು ಅರೆ ಇದೆ?’ ಅನ್ನಿ. ಅವರು ಬಿಚ್ಚುತ್ತಾರೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಒಂದೊಂದಾಗಿ ಆಚೆ ಬರುತ್ತದೆ, ಕಡ್ಡಿಪುಡಿಯ ಪೊಟ್ಟಣವೂ ಬರುತ್ತದೆ. ಅದನ್ನು ಕೈಯಲ್ಲಿ ಹಿಡಿದು, ‘ಇದು ನಿಮಗೆ ಯಾವಾಗಿಂದ ಅಭ್ಯಾಸ ಅಜ್ಜಿ?’ ಅಂತ ಕೇಳಿ. ಹತ್ತರಲ್ಲಿ ಐದಾರು ಅಜ್ಜಿಯರು ನನಗೆ ಹೇಳಿರುವುದು ಒಂದೇ ಮಾತು: ‘ನನ್ ಹಿರೀಮಗ ಹುಟ್ಟಿದಾಗಿಂದ ಕನವ್ವ.’